ವಿಯೆಟ್ನಾಂ ಊಟದ ಪ್ರವಾಸ: ಟಿಕೆಟ್ ತೆಗೆಯುವ ಮುಂಚೆ ಪಂಚಾಂಗ ನೋಡಿ

ತಿನ್ನುವುದಕ್ಕೆಂದೇ ವಿಯೆಟ್ನಾಂಗೆ ಹೊರಟವರಿಗೆ ಹನೋಯ್, ಹುಯೆ, ಹೊಯ್ ಆನ್ ಈ ಮೂರು ಊರು ಸಾಕು. ಸೈಗಾನನ್ನೂ ಹಾ ಲಾಂಗ್ ಕೊಲ್ಲಿಯನ್ನೂ ಒಂದೇ ವಾರಕ್ಕೆ ತುರುಕಿದರೆ ಊಟದ ಹೊತ್ತೆಲ್ಲ ವಿಮಾನ ನಿಲ್ದಾಣದಲ್ಲೇ ಕಳೆಯುತ್ತದೆ. ಹನೋಯ್‌ಗೆ ಮೂರು ದಿನ, ಹುಯೆಗೆ ಎರಡು, ಹೊಯ್ ಆನ್‌ಗೆ ಮೂರು ದಿನ ಇಟ್ಟುಕೊಳ್ಳಿ.

ಫೆಬ್ರವರಿ ಕೊನೆಯಿಂದ ಏಪ್ರಿಲ್‌ವರೆಗೆ ಒಳ್ಳೆಯ ಕಾಲ. ಅಕ್ಟೋಬರ್, ನವೆಂಬರ್‌ನಲ್ಲಿ ಹುಯೆಯಲ್ಲಿ ಮಳೆ ಬಿಡುವುದಿಲ್ಲ, ಹೊಯ್ ಆನ್‌ನ ಹಳೇ ಪೇಟೆಗೆ ಹೊಳೆ ನೀರೇ ನುಗ್ಗುತ್ತದೆ. ಅವರ ಹೊಸವರ್ಷ ಟೆಟ್ ಹಬ್ಬದ ವಾರವನ್ನೂ ಬಿಟ್ಟುಬಿಡಿ. 2027ರಲ್ಲಿ ಅದು ಫೆಬ್ರವರಿ 6ಕ್ಕೆ ಬರುತ್ತದೆ. ಆಗ ಸಣ್ಣ ಅಂಗಡಿಗಳವರೆಲ್ಲ ಬಾಗಿಲು ಹಾಕಿ ಊರಿಗೆ ಹೋಗಿರುತ್ತಾರೆ.

ತಿಂಗಳು ಗೊತ್ತಾದ ಮೇಲೆ ತಿಥಿ ನೋಡಿ. ಸಸ್ಯಾಹಾರಿಗಳಿಗೆ ಇದೇ ಮುಖ್ಯ. ಚಾಂದ್ರಮಾನದ 1 ಮತ್ತು 15ನೇ ದಿನ ಅಲ್ಲಿ ಎಷ್ಟೋ ಬೌದ್ಧರು ಮಾಂಸ ಮುಟ್ಟುವುದಿಲ್ಲ. ಮಾಮೂಲಿ ದಿನ ಹಂದಿಮಾಂಸ ಮಾರುವ ಕೆಲವು ಅಂಗಡಿಗಳೂ ಅವತ್ತು ಸಸ್ಯಾಹಾರಕ್ಕೆ ಇಳಿಯುತ್ತವೆ. ನಮ್ಮ ಪಂಚಾಂಗದ ಅಮಾವಾಸ್ಯೆ, ಹುಣ್ಣಿಮೆಗೆ ಇದು ಹೆಚ್ಚುಕಡಿಮೆ ತಾಳೆಯಾಗುತ್ತದೆ. ಒಂದು ದಿನ ಆಚೀಚೆ ಆಗಬಹುದು, ಹಾಗಾಗಿ ಕೊನೆಗೊಮ್ಮೆ ವಿಯೆಟ್ನಾಂ ಕ್ಯಾಲೆಂಡರನ್ನೂ ನೋಡಿಕೊಳ್ಳಿ. ಹೊಯ್ ಆನ್‌ನಲ್ಲಿ 14ನೇ ದಿನದ ಸಂಜೆ ಹಳೇ ಪೇಟೆಯ ವಿದ್ಯುತ್ ದೀಪ ಆರಿಸಿ ಕಾಗದದ ಲಾಟೀನು ಹಚ್ಚುತ್ತಾರೆ. ಅದೂ ಬೇಕು, ಹುಯೆಯ ಸಸ್ಯಾಹಾರವೂ ಬೇಕು ಅನ್ನುವವರು ದಾರಿ ತಿರುಗಿಸಿ ದಕ್ಷಿಣದಿಂದ ಉತ್ತರಕ್ಕೆ ಬನ್ನಿ. 14ರ ರಾತ್ರಿ ಹೊಯ್ ಆನ್‌ನಲ್ಲಿದ್ದು 15ರ ಬೆಳಿಗ್ಗೆ ಕಾರು ಹಿಡಿದರೆ ಹುಯೆಯಲ್ಲಿ ಮಧ್ಯಾಹ್ನದ ಊಟ ಸಿಗುತ್ತದೆ.

ಸಸ್ಯಾಹಾರಿ ಅಂಗಡಿಯ ಬೋರ್ಡಿನಲ್ಲಿ ಇಂಗ್ಲಿಷಿನ ಸಿ, ಎಚ್, ಎ, ವೈ ಎಂಬ ನಾಲ್ಕು ಅಕ್ಷರ ಇರುತ್ತವೆ. ಓದುವುದು 'ಚೈ' ಎಂದು. 'ಮಾಂಸ ಬೇಡ' ಎಂದಷ್ಟೇ ಹೇಳಿದರೆ ತುಂಡುಗಳನ್ನು ತೆಗೆದು ಅದೇ ಮೂಳೆ ಸಾರನ್ನು ಬಡಿಸುತ್ತಾರೆ. ಅವರ ಲೆಕ್ಕದಲ್ಲಿ ಕೇಳಿದ್ದನ್ನು ಕೊಟ್ಟಂತೆಯೇ. ಮೀನಿನ ಸಾಸ್ ನುವಾಕ್ ಮಾಮ್ ಅಂತೂ ಉಪ್ಪಿನ ಜಾಗದಲ್ಲಿ ಬೀಳುತ್ತದೆ, ತರಕಾರಿ ಹುರಿದರೂ ಇರುತ್ತದೆ. ಅದಕ್ಕೇ 'ಚೈ' ಎಂದೇ ಕೇಳಿ. ಚೈ ಅಂಗಡಿಯ ತಟ್ಟೆಯಲ್ಲಿ ಸೀಗಡಿ, ಕೋಳಿ ತುಂಡು ಕಂಡರೆ ಗಾಬರಿಯಾಗಬೇಡಿ, ಸೋಯಾದಿಂದಲೋ ಗೋಧಿಯ ಅಂಟಿನಿಂದಲೋ ಮಾಡಿದ್ದು. ಕಟ್ಟುನಿಟ್ಟಿನ ಕಡೆ ಈರುಳ್ಳಿ, ಬೆಳ್ಳುಳ್ಳಿಯನ್ನೂ ಹಾಕುವುದಿಲ್ಲ.

ಇ-ವೀಸಾ 90 ದಿನದವರೆಗೆ ಸಿಗುತ್ತದೆ, ಒಂದು ಪ್ರವೇಶಕ್ಕೆ 25 ಡಾಲರ್. ಸರ್ಕಾರಿ ಜಾಲತಾಣದಲ್ಲೇ ಅರ್ಜಿ ಹಾಕಿ. ದುಡ್ಡಿನ ವಿಷಯದಲ್ಲಿ ಎಚ್ಚರ: 20,000 ಡಾಂಗ್ ನೋಟೂ ನೀಲಿ, 5,00,000ದ್ದೂ ನೀಲಿ. ಮಬ್ಬು ಬೆಳಕಿನಲ್ಲಿ ಒಂದರ ಬದಲು ಇನ್ನೊಂದು ಕೊಟ್ಟುಬಿಡುವುದು ಸುಲಭ. ದೊಡ್ಡ ನೋಟುಗಳನ್ನು ಬೇರೆ ಜೇಬಿನಲ್ಲಿಡಿ.

ಹನೋಯ್‌ನಲ್ಲಿ ಪ್ರತಿ ತಿನಿಸಿಗೂ ಅದರದೇ ಹೊತ್ತಿದೆ. ದನದ ಮೂಳೆ ಸಾರಿನಲ್ಲಿ ಅಕ್ಕಿ ಶಾವಿಗೆ ಹಾಕಿ ಕೊಡುವ ಫೊ ಬೆಳಗಿನ ತಿಂಡಿ. ಒಳ್ಳೆಯ ಅಂಗಡಿಯಲ್ಲಿ ಹತ್ತು ಗಂಟೆಯೊಳಗೇ ಹಂಡೆ ಖಾಲಿಯಾಗಬಹುದು, ಏಳಕ್ಕೆಲ್ಲ ಹೋಗಿ ಕೂತುಬಿಡಿ. ದನಗಳನ್ನು ಹೊಲದ ಕೆಲಸಕ್ಕೆ ಸಾಕುತ್ತಿದ್ದ ನಾಡು ಅದು. ಫ್ರೆಂಚರು ಬಂದ ಮೇಲೆ ದನದ ಮಾಂಸಕ್ಕೆ ಬೇಡಿಕೆ ಹುಟ್ಟಿ, ಉಳಿದ ಮೂಳೆ ಅಗ್ಗವಾಯಿತು. 20ನೇ ಶತಮಾನದ ಆರಂಭದಲ್ಲಿ ನಾಮ್ ಡಿನ್, ಹನೋಯ್ ಸೀಮೆಯಲ್ಲಿ ಈ ಸಾರು ರೂಪುಗೊಂಡದ್ದಕ್ಕೆ ಇದೂ ಒಂದು ಕಾರಣ. 1954ರಲ್ಲಿ ದೇಶ ಇಬ್ಭಾಗವಾದಾಗ ದಕ್ಷಿಣಕ್ಕೆ ಹೋದ ಉತ್ತರದವರು ಫೊವನ್ನೂ ಒಯ್ದರು, ಅಲ್ಲಿ ಅದಕ್ಕೆ ಮೊಳಕೆಕಾಳು, ಸಿಹಿ ಸಾಸ್ ಎಲ್ಲ ಸೇರಿಕೊಂಡವು. ಹನೋಯ್‌ನಲ್ಲಿ ಅವನ್ನು ಕೇಳಬೇಡಿ. ಬೆಳ್ಳುಳ್ಳಿ ನೆನೆಸಿದ ವಿನೆಗರ್, ಹಸಿಮೆಣಸು ಮೇಜಿನ ಮೇಲಿರುತ್ತವೆ. ಮೊದಲು ಸಾರನ್ನು ಹಾಗೇ ಕುಡಿದು ನೋಡಿ, ಆಮೇಲೆ ಹಾಕಿಕೊಳ್ಳಿ. ಕೆಂಡದಲ್ಲಿ ಸುಟ್ಟ ಹಂದಿಮಾಂಸದ ಬುನ್ ಚಾ ಮಧ್ಯಾಹ್ನದ್ದು. ರಾತ್ರಿ ಸಿಕ್ಕಿದರೆ ಅದು ಹೆಚ್ಚಾಗಿ ಪ್ರವಾಸಿಗರಿಗಾಗಿ ಮಾಡಿದ್ದು.

ಮೊಟ್ಟೆ ಕಾಫಿಯನ್ನು ಮಾತ್ರ ಯಾವ ಹೊತ್ತಿನಲ್ಲಾದರೂ ಕುಡಿಯಬಹುದು. 1946ರ ಸುಮಾರಿಗೆ ಹಾಲಿನ ಅಭಾವವಿದ್ದಾಗ, ಮೆಟ್ರೊಪೋಲ್ ಹೋಟೆಲಿನಲ್ಲಿ ಕೆಲಸಕ್ಕಿದ್ದ ನ್ಗುಯೆನ್ ವಾನ್ ಜಾಂಗ್ ನೊರೆಹಾಲಿಗೆ ಬದಲಾಗಿ ಮೊಟ್ಟೆಯ ಹಳದಿಯನ್ನು ಕಡೆದು ಹಾಕಿದರು. ಅವರ ಹೆಸರಿನ ಅಂಗಡಿ ಈಗಲೂ ಹಳೇ ಪೇಟೆಯಲ್ಲಿದೆ. ಮನೆಯಲ್ಲಿ ಮಾಡುವುದಾದರೆ ಎರಡು ಹಳದಿಗೆ ಎರಡು ಚಮಚ ಕಂಡೆನ್ಸ್ಡ್ ಮಿಲ್ಕ್ ಹಾಕಿ ಬೀಟರ್‌ನಲ್ಲಿ ಐದು ನಿಮಿಷ ಕಡೆಯಿರಿ. ಎತ್ತಿದರೆ ರಿಬ್ಬನ್ನಿನ ಹಾಗೆ ಇಳಿಯಬೇಕು. ಅದನ್ನು 60 ಮಿ.ಲೀ. ಬಿಸಿ ಡಿಕಾಕ್ಷನ್ ಮೇಲೆ ಸುರಿಯಿರಿ. ಬೀಜ ರೊಬಸ್ಟಾ ಆಗಿರಬೇಕು. ಕೊಡಗಿನದ್ದು ಚೆನ್ನಾಗಿ ಹೊಂದುತ್ತದೆ, ಚಿಕೋರಿ ಮಾತ್ರ ಬೇಡ. ಹಳದಿ ಹಸಿಯಾಗಿಯೇ ಇರುವುದರಿಂದ ತಾಜಾ ಮೊಟ್ಟೆಯೇ ಆಗಬೇಕು. ಬಸುರಿಯರಿಗೂ ಚಿಕ್ಕ ಮಕ್ಕಳಿಗೂ ಕೊಡಬೇಡಿ.

ಹನೋಯ್‌ನಿಂದ ಹುಯೆಗೆ ರಾತ್ರಿ ರೈಲು, ಹದಿಮೂರು ಹದಿನಾಲ್ಕು ಗಂಟೆ. ಕೆಳಗಿನ ಬರ್ತ್ ತೆಗೆದುಕೊಳ್ಳಿ, ಮೇಲಿನದರಲ್ಲಿ ನೆಟ್ಟಗೆ ಕೂರಲೂ ಆಗುವುದಿಲ್ಲ. ಹುಯೆಯಿಂದ ಡಾ ನಾಂಗ್‌ಗೆ ಮಾತ್ರ ಹಗಲಿನ ರೈಲು ಹತ್ತಿ, ಎಡಗಡೆಯ ಕಿಟಕಿ ಹಿಡಿಯಿರಿ. ಹಾಯ್ ವಾನ್ ಘಟ್ಟದಲ್ಲಿ ಸಮುದ್ರ ಆ ಕಡೆಗೇ ಇದೆ. ಹೊಯ್ ಆನ್‌ಗೆ ರೈಲಿಲ್ಲ, ಡಾ ನಾಂಗ್‌ನಿಂದ 30 ಕಿ.ಮೀ. ಟ್ಯಾಕ್ಸಿ.

ಹುಯೆ 1802ರಿಂದ 1945ರವರೆಗೆ ನ್ಗುಯೆನ್ ದೊರೆಗಳ ರಾಜಧಾನಿ. ಚಿಕ್ಕ ಚಿಕ್ಕ ತಟ್ಟೆಗಳಲ್ಲಿ ಬಗೆಬಗೆ ಬಡಿಸುವುದು ಅಲ್ಲಿಯ ಪದ್ಧತಿ. ಪುಟ್ಟ ಬಟ್ಟಲಲ್ಲಿ ಹಬೆಗಿಟ್ಟ ಅಕ್ಕಿಹಿಟ್ಟಿನ ಬಾನ್ ಬೆಯೊಗೆ ಒಣ ಸೀಗಡಿ ಉದುರಿಸುತ್ತಾರೆ, ಚೈ ಅಂಗಡಿಯಲ್ಲಿ ಅದು ಇರುವುದಿಲ್ಲ. ಮಾಂಸ ತಿನ್ನುವವರು ಬುನ್ ಬೊ ಹುಯೆ ಬಿಡಬೇಡಿ: ಮಜ್ಜಿಗೆ ಹುಲ್ಲು, ಸೀಗಡಿ ಗೊಜ್ಜು, ಮೆಣಸಿನೆಣ್ಣೆಯ ಸಾರು. ನಮ್ಮ ನಾಲಿಗೆಗೆ ಫೊಗಿಂತ ಇದೇ ಹತ್ತಿರ. 'ರಾಜಭೋಜನ'ವೆಂದು ವೇಷ ತೊಡಿಸಿ ಕೂರಿಸುವ ದುಬಾರಿ ಊಟಕ್ಕೆ ದುಡ್ಡು ಹಾಕಬೇಡಿ, ಫೋಟೊ ಬಿಟ್ಟರೆ ಏನೂ ಸಿಗುವುದಿಲ್ಲ.

ಹೊಯ್ ಆನ್‌ನ ಕಾವ್ ಲಾವ್ ಶಾವಿಗೆಗೆ ಅಕ್ಕಿಯನ್ನು ಬೂದಿನೀರಲ್ಲಿ ನೆನೆಸುತ್ತಾರೆ, ಅದರಿಂದಲೇ ಆ ಮಾಸಲು ಬಣ್ಣ, ಅಗಿಯುವ ಗಟ್ಟಿತನ. ಅಡುಗೆ ಕಲಿಯುವುದಿದ್ದರೆ ಈ ಊರಿನಲ್ಲೇ ಕಲಿಯಿರಿ. ಬೆಳಗಿನ ಮಾರುಕಟ್ಟೆ, ಟ್ರಾ ಕ್ವೆ ಸೊಪ್ಪಿನ ತೋಟ, ಆಮೇಲೆ ಒಲೆ, ಎಲ್ಲ ಅರ್ಧ ದಿನದಲ್ಲಿ ಮುಗಿಯುತ್ತದೆ. 'ಚೈ' ಎಂದು ಹಿಂದಿನ ದಿನವೇ ತಿಳಿಸಿ. ತರಗತಿಯವರು ಸಾಸನ್ನು ಮೊದಲೇ ಕಲಸಿಟ್ಟಿರುತ್ತಾರೆ, ಆಮೇಲೆ ಹೇಳಿದರೆ ನಿಮಗೆ ಬರೀ ಉಪ್ಪುನೀರು.

ಅಲ್ಲಿ ಕಲಿತು ಇಲ್ಲಿ ಮಾಡಬಹುದಾದದ್ದು ಬಾನ್ ಸೆಯೊ, ಒಳಗೆ ಪಲ್ಯ ತುಂಬಿ ಮಡಚುವ ಗರಿಗರಿ ಅಕ್ಕಿದೋಸೆ. 200 ಗ್ರಾಂ ನುಣುಪು ಅಕ್ಕಿಹಿಟ್ಟು, ಎರಡು ಚಮಚ ಕಾರ್ನ್‌ಫ್ಲೋರ್, ಒಂದು ಟೀ ಚಮಚ ಅರಿಶಿನ, ಅರ್ಧ ಟೀ ಚಮಚ ಉಪ್ಪು, 150 ಮಿ.ಲೀ. ತೆಂಗಿನಹಾಲು, ಸುಮಾರು 300 ಮಿ.ಲೀ. ನೀರು, ಹೆಚ್ಚಿದ ಈರುಳ್ಳಿ ಹೂವು. ಹಿಟ್ಟು ನೀರುದೋಸೆಯ ಹದಕ್ಕೆ ಬರಬೇಕು. ನಮ್ಮ ಅಕ್ಕಿರೊಟ್ಟಿಯ ಹಿಟ್ಟು ತರಿಯಾಗಿರುವುದರಿಂದ, ಅದನ್ನೇ ಬಳಸುವುದಾದರೆ ಮೊದಲು ಜರಡಿ ಹಿಡಿಯಿರಿ. ಕಲಸಿದ ಹಿಟ್ಟನ್ನು ಒಂದು ಗಂಟೆ ನೆನೆಸಿ, ಪ್ರತಿ ಸಲವೂ ತಳದಿಂದ ಕಲಕಿ ಹುಯ್ಯಿರಿ. ಕಲಕದಿದ್ದರೆ ಮೊದಲನೆಯದು ತೆಳ್ಳಗೆ, ಕೊನೆಯದು ಕಲ್ಲು.

ಕಾವಲಿ ಚೆನ್ನಾಗಿ ಕಾದು, ಹಿಟ್ಟು ಬಿದ್ದ ಕೂಡಲೇ ಚುಂಯ್ ಎನ್ನಬೇಕು. ಒಂದು ಸೌಟು ಹುಯ್ದು ಕಾವಲಿಯನ್ನೇ ತಿರುಗಿಸಿ ಹರಡಿ. ಹುರಿದ ಅಣಬೆ, ಬೇಯಿಸಿದ ಹೆಸರುಬೇಳೆ, ಒರೆಸಿ ಆರಿಸಿದ ಹೆಸರುಕಾಳಿನ ಮೊಳಕೆ ಒಂದು ಬದಿಗೆ ಹಾಕಿ ಒಂದೇ ನಿಮಿಷ ಮುಚ್ಚಿಡಿ. ಮುಚ್ಚಳ ತೆಗೆದು ಅಂಚಿಗೆ ಎಣ್ಣೆ ಬಿಟ್ಟು, ಮಧ್ಯಮ ಉರಿಯಲ್ಲಿ ನಾಲ್ಕೈದು ನಿಮಿಷ ಬಿಟ್ಟು ಮಡಚಿ. ಮೆತ್ತಗಾದರೆ ಮುಚ್ಚಳ ಹೆಚ್ಚು ಹೊತ್ತು ಇತ್ತು, ಇಲ್ಲವೇ ಮೊಳಕೆಯಲ್ಲಿ ನೀರಿತ್ತು. ಬೇಗ ಕಪ್ಪಾಗಿ ಒಳಗೆ ಮೆದುವಾಗಿ ಉಳಿದರೆ ತೆಂಗಿನಹಾಲು ಜಾಸ್ತಿಯಾಗಿದೆ.

ತುಂಡು ಮುರಿದು ಲೆಟಿಸ್ ಎಲೆಯಲ್ಲಿ ಪುದೀನ, ಕೊತ್ತಂಬರಿ, ಕಾಮಕಸ್ತೂರಿ ಸೇರಿಸಿ ಸುತ್ತಿ ಅದ್ದಿ ತಿನ್ನುವುದು. ಕಾಮಕಸ್ತೂರಿಯ ಬದಲು ತುಳಸಿ ಹಾಕಬೇಡಿ, ಘಾಟು ಉಳಿದೆಲ್ಲವನ್ನೂ ನುಂಗುತ್ತದೆ. ಅದ್ದಲು ಎರಡೆರಡು ಚಮಚ ಸೋಯಾ ಸಾಸ್, ನಿಂಬೆರಸ, ಸಕ್ಕರೆ, ಐದು ಚಮಚ ಬೆಚ್ಚಗಿನ ನೀರು. ಸಕ್ಕರೆ ಪೂರ್ತಿ ಕರಗಿ ಆರಿದ ಮೇಲೆ ಜಜ್ಜಿದ ಬೆಳ್ಳುಳ್ಳಿ, ಮೆಣಸಿನಕಾಯಿ ಹಾಕಿ. ಆಗ ಅವು ತಳಕ್ಕಿಳಿಯದೆ ಮೇಲೆ ತೇಲುತ್ತವೆ.