ರಜೆ ನಮ್ಮದು, ತಾರೀಖು ಕಡಲಿನದು

ಮಕ್ಕಳಿಗೆ ರಜೆ ಬಂದಿದೆ, ಟೆಂಟ್ ಅಟ್ಟದ ಮೇಲಿದೆ, ಕಡಲ ದಂಡೆಯ ಪಾರ್ಕಿನಲ್ಲಿ ಕ್ಯಾಂಪಿಂಗ್ ಜಾಗ ಖಾಲಿ ಇದೆ. ಬುಕ್ ಮಾಡಿ ಹೊರಟರಾಯಿತು, ಇನ್ನೇನು ಯೋಚನೆ ಅಂತ ಇವರ ವಾದ. ಕಾಡಿನ ಅಂಚಲ್ಲಿ, ಬೆಟ್ಟದ ತಪ್ಪಲಲ್ಲಿ ಟೆಂಟ್ ಹಾಕಿ ರೂಢಿ ಇದ್ದವರು ನಾವು. ಅಲ್ಲಿ ನೆಲ ಗಟ್ಟಿ ಇರುತ್ತದೆ, ಗಾಳಿ ತಡೆಯಲು ಮರಗಳಿರುತ್ತವೆ, ಬೆಳಿಗ್ಗೆ ನೋಡಿದ ಜಾಗ ಸಂಜೆಗೂ ಹಾಗೇ ಇರುತ್ತದೆ. ಕಡಲ ದಂಡೆ ಹಾಗಲ್ಲ. ಬೆಳಿಗ್ಗೆ ಓಡಾಡಿ ಸುಸ್ತಾಗುವಷ್ಟು ಅಗಲ ಇದ್ದ ಮರಳು ಮಧ್ಯಾಹ್ನಕ್ಕೆ ಚಾಪೆ ಹಾಸುವಷ್ಟೇ ಉಳಿದಿರಬಹುದು. ಹಾಗಾಗಿ ಏನೇನು ಕಟ್ಟಿಕೊಂಡು ಹೋಗಬೇಕು ಅನ್ನೋ ಪಟ್ಟಿ ಆಮೇಲೆ, ಮೊದಲು ನೀರು ಮತ್ತು ಗಾಳಿ ಏನು ಮಾಡುತ್ತವೆ ನೋಡೋಣ ಅಂತ ನಾನು ಹಟ ಹಿಡಿದೆ.

ನಮಗೆ ಬಿಡುವಿದ್ದದ್ದು ಎರಡು ವಾರಾಂತ್ಯ. ಒಂದು ಹುಣ್ಣಿಮೆಗೆ ಅಂಟಿಕೊಂಡಿತ್ತು, ಇನ್ನೊಂದು ಅದರ ಮುಂದಿನ ಅಷ್ಟಮಿಗೆ. ಮಗಳು ಹುಣ್ಣಿಮೆ ಪಕ್ಷ. ಬೆಳದಿಂಗಳಲ್ಲಿ ಅಲೆ ನೋಡಬೇಕಂತೆ. ಇವರು ಅಷ್ಟಮಿ ಪಕ್ಷ. ಆಗ ಚಂದ್ರ ಮೂಡುವುದು ನಡುರಾತ್ರಿಯ ಹೊತ್ತಿಗೆ, ಅಲ್ಲಿಯವರೆಗೆ ಆಕಾಶ ಕತ್ತಲು, ನಕ್ಷತ್ರ ಚೆನ್ನಾಗಿ ಕಾಣುತ್ತವೆ. ಮಗನಿಗೆ ಇನ್ನೂ ಆರು ವರ್ಷ, ಅವನಿಗೆ ಬೇಕಾದದ್ದು ಒಂದು ಬಕೆಟ್ ಮತ್ತು ಒಂದು ಸಲಿಕೆ. ಅತ್ತೆಯನ್ನು ಯಾರೂ ಕೇಳಿರಲಿಲ್ಲ. ಸೋಫಾದ ಮೇಲೆ ಕೂತಿದ್ದ ಅವರೇ, "ನಾನೂ ಬರ್ತೀನಿ, ನಂಗೊಂದು ಕುರ್ಚಿ ಇದ್ರೆ ಸಾಕು" ಅಂದುಬಿಟ್ಟರು.

ಆ ದಂಡೆಯ ಉಬ್ಬರ ಇಳಿತದ ಪಟ್ಟಿಯನ್ನು ಮಗಳ ಕೈಗೆ ಕೊಟ್ಟೆ. ಸುಮ್ನೆ ಓದು, ನೀನೇ ತೀರ್ಮಾನ ಮಾಡು ಅಂದೆ. ಹುಣ್ಣಿಮೆಯ ಶನಿವಾರ ಬೆಳಿಗ್ಗೆ ಹನ್ನೊಂದರ ಸುಮಾರಿಗೆ ತುಂಬು ಉಬ್ಬರ. ಅದೂ ಸಣ್ಣ ಉಬ್ಬರ ಅಲ್ಲ. ಹುಣ್ಣಿಮೆ, ಅಮಾವಾಸ್ಯೆಗೆ ಸೂರ್ಯ, ಭೂಮಿ, ಚಂದ್ರ ಒಂದೇ ಸಾಲಿಗೆ ಬರುತ್ತವೆ, ಇಬ್ಬರ ಎಳೆತವೂ ಕೂಡಿಕೊಂಡು ನೀರು ಜಾಸ್ತಿ ಏರುತ್ತದೆ, ಜಾಸ್ತಿ ಇಳಿಯುತ್ತದೆ. ಅಂದರೆ ಮಕ್ಕಳು ಆಡುವ ಹೊತ್ತಿಗೆ ಸರಿಯಾಗಿ ಮರಳೇ ಮಾಯ. ಹಾಗಾದ್ರೆ ಮುಂದಿನ ವಾರ ಹೇಗಿರುತ್ತೆ ಅಂತ ಕೇಳಿದೆ. ಅವಳು ಪಟ್ಟಿ ಮಗುಚುವ ಬದಲು ಪೆನ್ಸಿಲ್ ತಗೊಂಡಳು. ಉಬ್ಬರ ದಿನಕ್ಕೆ ಸುಮಾರು 50 ನಿಮಿಷ ತಡವಾಗುತ್ತದೆ ಅಂತ ಶಾಲೆಯಲ್ಲಿ ಹೇಳಿದ್ದು ಅವಳಿಗೆ ನೆನಪಿತ್ತು. ಏಳು ದಿನಕ್ಕೆ 350 ನಿಮಿಷ, ಅಂದರೆ ಆರು ಗಂಟೆಗೆ ಹತ್ತು ನಿಮಿಷ ಕಡಿಮೆ. ಒಂದು ಉಬ್ಬರದಿಂದ ಇಳಿತಕ್ಕೆ ಹಿಡಿಯುವುದೂ ಆರು ಗಂಟೆಯ ಆಸುಪಾಸು. "ಅಮ್ಮಾ, ಈ ವಾರ ಉಬ್ಬರ ಇರೋ ಹೊತ್ತಿಗೆ ಮುಂದಿನ ವಾರ ಇಳಿತ ಇರುತ್ತೆ!" ಪಟ್ಟಿ ತೆಗೆದು ನೋಡಿದರೆ ಅಷ್ಟಮಿಯ ಶನಿವಾರ ಹತ್ತು ಮುಕ್ಕಾಲಿಗೆ ಇಳಿತ. ಬೆಳದಿಂಗಳನ್ನು ಅವಳೇ ಬಿಟ್ಟುಕೊಟ್ಟಳು. ನಾನೊಂದು ಮಾತೂ ಆಡಬೇಕಾಗಲಿಲ್ಲ.

ಇಳಿತ ಇದ್ದರೆ ಎಲ್ಲ ಒಳ್ಳೆಯದೇ ಅಂತಲೂ ಅಲ್ಲ. ಕಡಲಿನೊಳಕ್ಕೆ ಎಳೆದುಕೊಂಡು ಹೋಗುವ ಸೆಳೆತ ಎಷ್ಟೋ ದಂಡೆಗಳಲ್ಲಿ ಇಳಿತದ ಹೊತ್ತಿಗೇ ಜೋರಾಗಿರುತ್ತದೆ. ಅಗಲವಾದ ಮರಳು ಸಿಕ್ಕಿತು ಅಂತ ಖುಷಿಪಟ್ಟು ನೀರಿಗಿಳಿಯುವ ಹಾಗಿಲ್ಲ. ಮರಳಾಟಕ್ಕೆ, ಬಂಡೆ ಸಂದಿಯ ಹೊಂಡಗಳಲ್ಲಿ ಏಡಿ ನೋಡೋದಕ್ಕೆ ಇಳಿತ ಸರಿ. ಈಜೋದು ಮಾತ್ರ ಅರ್ಧ ಕೆಂಪು ಅರ್ಧ ಹಳದಿ ಬಣ್ಣದ ಎರಡು ಬಾವುಟಗಳ ನಡುವೆ, ಕಾವಲಿನವರು ಇರೋವಾಗ ಮಾತ್ರ. ಬರೀ ಕೆಂಪು ಬಾವುಟ ಇದ್ದರೆ ನೀರಿಗೆ ಇಳಿಯೋದೇ ಇಲ್ಲ ಅಂತ ನಾವು ನಾವೇ ಮಾಡಿಕೊಂಡ ಕಟ್ಟಳೆ. ಸೆಳೆತಕ್ಕೆ ಸಿಕ್ಕರೆ ದಡದ ಕಡೆ ನೇರ ಈಜಿ ಸುಸ್ತಾಗಬಾರದು. ಮೊದಲು ದಡಕ್ಕೆ ಸಮಾನಾಂತರವಾಗಿ ಪಕ್ಕಕ್ಕೆ ಸರಿದು, ಸೆಳೆತ ಬಿಟ್ಟ ಮೇಲೆ ದಡಕ್ಕೆ ತಿರುಗಬೇಕು. ಆಗದಿದ್ದರೆ ತೇಲುತ್ತಾ ಕೈ ಎತ್ತಿ ಕರೆಯಬೇಕು. ಇದನ್ನು ಮಗಳಿಗೆ ಬಾಯಿಪಾಠ ಮಾಡಿಸಿದೆ. ಮಗನಿಗೆ ಇದೆಲ್ಲ ಬೇಡ. ಅವನು ನೀರಲ್ಲಿದ್ದಷ್ಟು ಹೊತ್ತು ಒಬ್ಬ ದೊಡ್ಡವರು ಕೈಗೆ ಎಟುಕುವಷ್ಟು ಹತ್ತಿರ ಇರಬೇಕು, ಕೈಯಲ್ಲಿ ಫೋನ್ ಇರಬಾರದು. ಅಷ್ಟೇ.

ತಾರೀಖು ಆಯಿತು, ಜಾಗ ಆರಿಸಬೇಕು. ಪಾರ್ಕಿನ ನಕ್ಷೆಯಲ್ಲಿ ಸೈಟುಗಳು ಮೂರು ಸಾಲು. ಮೊದಲ ಸಾಲು ಕಡಲಿಗೆ ಮುಖ ಮಾಡಿಕೊಂಡಿದೆ, ಮಧ್ಯ ಏನೂ ಇಲ್ಲ. ಇವರ ಕಣ್ಣು ಅಲ್ಲೇ. "ಎದ್ದ ತಕ್ಷಣ ಜಿಪ್ ಎಳೆದ್ರೆ ಕಡಲು ಕಾಣ್ಬೇಕು ಕಣೇ." ಕಾಣುತ್ತದೆ, ನಿಜ. ಅದೇ ಜಿಪ್ ಸಂದಿಯಿಂದ ಮರಳೂ ಬರುತ್ತದೆ. ಹಗಲು ನೆಲ ಬೇಗ ಕಾಯುತ್ತದೆ, ನೀರು ನಿಧಾನ. ನೆಲದ ಮೇಲಿನ ಬಿಸಿ ಗಾಳಿ ಮೇಲೇರಿದಂತೆ ಕಡಲ ಕಡೆಯ ಗಾಳಿ ಆ ಜಾಗಕ್ಕೆ ನುಗ್ಗುತ್ತದೆ. ಮಧ್ಯಾಹ್ನ ದಾಟಿದ ಮೇಲೆ ಅದರ ಜೋರು ಜಾಸ್ತಿ. ರಾತ್ರಿ ನೆಲ ತಣ್ಣಗಾದ ಮೇಲೆ ಗಾಳಿ ತಿರುಗಿ ನೆಲದಿಂದ ಕಡಲಿಗೆ ಬೀಸುತ್ತದೆ, ಆದರೆ ಅಷ್ಟು ರಭಸ ಇರುವುದಿಲ್ಲ. ಈಗ ಪಾರ್ಕಿನವರು ಸೈಟ್ ಬಿಟ್ಟುಕೊಡುವ ಹೊತ್ತು ನೋಡಿ. ಮಧ್ಯಾಹ್ನ ಎರಡರ ಮೇಲೆ! ಗಾಳಿ ಪೂರ್ತಿ ಹುರುಪಲ್ಲಿರುವಾಗಲೇ ನಾವು ಟೆಂಟ್ ಹಾಕಬೇಕು. ಇದನ್ನು ಹೇಳಿದ ಮೇಲೆ ಇವರು ಸ್ವಲ್ಪ ಮೆತ್ತಗಾದರು.

ಎರಡನೇ ಸಾಲಿನಲ್ಲಿ ಒಂದು ಸೈಟ್ ನನಗೆ ಹಿಡಿಸಿತ್ತು. ಅದರ ಮುಂದೆ ಪೊದೆ ಬೆಳೆದ ಮರಳದಿಬ್ಬ. ಆ ಪೊದೆ, ಹುಲ್ಲಿನ ಬೇರುಗಳೇ ದಿಬ್ಬವನ್ನು ಹಿಡಿದಿಟ್ಟುಕೊಂಡಿರುವುದು, ಅದಕ್ಕೇ ಅದರ ಮೇಲೆ ಹತ್ತಬಾರದು ಅನ್ನೋ ನಿಯಮ. ದಂಡೆಗೆ ಹೋಗಲು ಪಕ್ಕದಲ್ಲಿ ಮರದ ಹಲಗೆಯ ಕಾಲುದಾರಿ ಇದೆ. ಶೌಚಾಲಯ ಎಷ್ಟು ದೂರ ಅನ್ನುವುದರ ಮೇಲೆ ಇನ್ನೊಂದು ಸುತ್ತು ಜಗಳ. ತೀರಾ ಹತ್ತಿರ ಇದ್ದರೆ ರಾತ್ರಿಯಿಡೀ ದೀಪ, ಬಾಗಿಲು ಬಡಿಯುವ ಸದ್ದು. ತೀರಾ ದೂರ ಆದರೆ ನಡುರಾತ್ರಿ ಮಗನನ್ನು ಎಬ್ಬಿಸಿಕೊಂಡು ಹೋಗುವುದು ನಾನು, ಇವರಲ್ಲ. ಆದ್ದರಿಂದ ಈ ವಿಷಯದಲ್ಲಿ ನನ್ನ ಮಾತೇ ಕೊನೆ.

ಟೆಂಟಿನ ಮೇಲೆ 'ನಾಲ್ಕು ಜನರಿಗೆ' ಅಂತ ಬರೆದಿತ್ತು. ಕಂಪನಿಯವರ ಲೆಕ್ಕದಲ್ಲಿ ಒಬ್ಬ ಮನುಷ್ಯ ಅಂದರೆ ಸುಮಾರು 60 ಸೆಂಟಿಮೀಟರ್ ಅಗಲ. ಅವನು ಮಗ್ಗುಲು ಬದಲಿಸುವುದಿಲ್ಲ, ಅವನ ಬಳಿ ಚೀಲ ಇರುವುದಿಲ್ಲ, ಅವನ ಮಗ ಒದೆಯುವುದಿಲ್ಲ. ನಂಬಿಕೆ ಬರಲಿ ಅಂತ ಹಾಲ್‌ನಲ್ಲಿ ಟೆಂಟಿನ ಅಳತೆಗೆ ಟೇಪ್ ಅಂಟಿಸಿ, ಎಲ್ಲರೂ ಒಳಗೆ ಮಲಗಿ ಅಂದೆ. ಅತ್ತೆ ಗೋಡೆ ಬದಿ, ಆಮೇಲೆ ಮಗಳು, ನಡುವೆ ಮಗ, ಈಚೆ ನಾನು. ಇವರು ಬಂದು ಮಲಗಿದರು, ಅರ್ಧ ಮೈ ಟೇಪಿನ ಆಚೆ. "ನೀನು ಹೊರಗಡೆ ನಕ್ಷತ್ರ ನೋಡ್ತಾ ಮಲ್ಕೋಬಹುದಲ್ಲ, ಆಸೆ ಇತ್ತಲ್ವಾ?" ಅಂದರು ಅತ್ತೆ. ಅಲ್ಲೇ ಇನ್ನೊಂದು ವಿಷಯವೂ ಗೊತ್ತಾಯಿತು. ಮಲಗಿದ ಅತ್ತೆಗೆ ನೆಲದಿಂದ ಏಳಲು ಇಬ್ಬರ ಕೈ ಬೇಕಾಯಿತು. ಮೊಣಕಾಲು ಮಡಚುವುದು ಕಷ್ಟ. ಅವರಿಗೆ ಮಡಚುವ ಮಂಚ ಬೇಕು, ಮಂಚ ಹಿಡಿಸುವ ಎತ್ತರದ ಟೆಂಟ್ ಬೇಕು. ಒಂದು ಸೈಟಿನಲ್ಲಿ ಎರಡು ಟೆಂಟ್ ಹಾಕಬಹುದಾ, ಐದು ಜನ ಇರಬಹುದಾ ಅಂತ ಪಾರ್ಕಿನ ನಿಯಮ ತೆಗೆದು ನೋಡಿದೆವು. ಹಾಕಬಹುದು, ಇರಬಹುದು. ಟೆಂಟಿನ ಅಳತೆಗೆ ಸುತ್ತಲಿನ ಹಗ್ಗದ ಅಳತೆಯನ್ನೂ ಸೇರಿಸಿ ಸೈಟಿನ ಅಗಲಕ್ಕೆ ಹೋಲಿಸಿದೆವು. ಇದನ್ನು ಎಷ್ಟೋ ಜನ ಮಾಡುವುದಿಲ್ಲ.

ಗೂಟದ ಪರೀಕ್ಷೆ ನಡೆದದ್ದು ಮಕ್ಕಳ ಆಟದ ಮೈದಾನದ ಮರಳು ಗುಂಡಿಯಲ್ಲಿ. ಬೆಟ್ಟದಲ್ಲಿ ಕಲ್ಲಿಂದ ಬಡಿದು ಇಳಿಸುತ್ತಿದ್ದ ಅದೇ ತೆಳು ಗೂಟವನ್ನು ಮರಳಿಗೆ ಚುಚ್ಚಿ ಹಗ್ಗ ಕಟ್ಟಿದೆವು. ಮಗ ಒಂದೇ ಬೆರಳಿಂದ ಹಗ್ಗ ಎಳೆದ, ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಬಂತು. ಆಮೇಲೆ ಒಂದು ಬಟ್ಟೆ ಚೀಲಕ್ಕೆ ಮರಳು ತುಂಬಿ, ಬಾಯಿ ಕಟ್ಟಿ, ಕುತ್ತಿಗೆಗೆ ಹಗ್ಗ ಬಿಗಿದು, ಒಂದೂವರೆ ಅಡಿ ಆಳಕ್ಕೆ ಹೂತು, ಮೇಲೆ ಮರಳು ಮುಚ್ಚಿ ಕಾಲಿಂದ ಚೆನ್ನಾಗಿ ತುಳಿದೆವು. ಇವರು ಎರಡೂ ಕೈಯಿಂದ ಎಳೆದರು. ಹಿಮ್ಮಡಿ ಊರಿ, ಬೆನ್ನು ಹಿಂದಕ್ಕೆ ಬಾಗಿಸಿ ಎಳೆದರು. ಮುಖ ಕೆಂಪಾಯಿತು, ಹಗ್ಗ ಕೈಗೆ ಗೆರೆ ಹಾಕಿತು, ಚೀಲ ಅಲ್ಲಾಡಲಿಲ್ಲ. ಚೀಲವನ್ನು ತಡೆಯುತ್ತಿರುವುದು ಅದರ ತೂಕ ಅಷ್ಟೇ ಅಲ್ಲ, ಮೇಲಿನ ಮತ್ತು ಎದುರಿನ ಮರಳೆಲ್ಲ. ಖಾಲಿ ಚೀಲಗಳನ್ನು ಮಡಚಿ ಜೇಬಲ್ಲಿಟ್ಟುಕೊಂಡು ಹೋಗಬಹುದು, ತುಂಬೋದಕ್ಕೆ ಬೇಕಾದದ್ದು ಅಲ್ಲೇ ಬಿದ್ದಿರುತ್ತದೆ. ಮರಳಿಗೆ ಅಂತಲೇ ಉದ್ದದ, ಅಗಲದ ಗೂಟಗಳೂ ಸಿಗುತ್ತವೆ. ನಾವು ಗಾಳಿ ಬರುವ ಕಡೆಗೆ ಚೀಲ, ಉಳಿದ ಕಡೆ ಆ ಗೂಟ ಅಂತ ಇಟ್ಟುಕೊಂಡೆವು. ಟೆಂಟಿನ ತಗ್ಗು ಬದಿ ಗಾಳಿಗೆ, ಬಾಗಿಲು ಗಾಳಿಗೆ ಬೆನ್ನು ಮಾಡಿ. ಮೊದಲು ಗಾಳಿಯ ಕಡೆಯ ಹಗ್ಗ ಕಟ್ಟಿ, ಆಮೇಲೆ ಕಂಬಿ ಎತ್ತೋದು.

ಸಾಮಾನಿನ ವಿಷಯ ಹೆಚ್ಚು ಹೇಳುವಂಥದ್ದೇನಿಲ್ಲ, ಎಲ್ಲರ ಪಟ್ಟಿಯೂ ಹೆಚ್ಚುಕಡಿಮೆ ಒಂದೇ. ಕಡಲ ದಂಡೆ ಅಂತ ನಾವು ಸೇರಿಸಿದ್ದು ಕೆಲವೇ. ಟೆಂಟಿನ ಬಾಗಿಲಲ್ಲಿ ಕಾಲು ತೊಳೆಯಲು ಒಂದು ಅಗಲ ಟಬ್ಬು. ಒದ್ದೆ ಕಾಲಿಗೆ ಮೆತ್ತಿದ ಮರಳು ಉದುರಿಸಲು ಪೌಡರ್, ತೇವ ಹೀರಿಕೊಂಡ ತಕ್ಷಣ ಮರಳು ತಾನೇ ಬಿದ್ದುಹೋಗುತ್ತದೆ. ನೆರಳಿಗೆ ಟಾರ್ಪಾಲು, ಯಾಕೆಂದರೆ ಒಣ ಮರಳೂ ಬಿಸಿಲಿನ ಅತಿನೇರಳೆ ಕಿರಣಗಳಲ್ಲಿ ಶೇಕಡ 15ರಷ್ಟನ್ನು ಮೇಲಕ್ಕೆ ವಾಪಸ್ ಎಸೆಯುತ್ತದೆ. ಟೋಪಿ ಹಾಕಿದ್ದೇನೆ ಅಂತ ಸನ್‌ಸ್ಕ್ರೀನ್ ಬಿಡುವ ಹಾಗಿಲ್ಲ. ಐಸ್ ಬಾಕ್ಸಿಗೆ ಸಣ್ಣ ತುಂಡುಗಳ ಬದಲು ದೊಡ್ಡ ಐಸ್ ಗಡ್ಡೆ, ಅದು ನಿಧಾನ ಕರಗುತ್ತದೆ. ಆಮೆ ಮೊಟ್ಟೆ ಇಡುವ ದಂಡೆಗಳಲ್ಲಿ ಬೆಳಕಿಗೆ ಮರಿಗಳು ದಾರಿ ತಪ್ಪುತ್ತವೆ, ಅದಕ್ಕೆ ಕೆಂಪು ಬೆಳಕಿನ ಟಾರ್ಚ್. ವಾಪಸ್ ಬಂದ ಮೇಲೆ ಜಿಪ್, ಕಂಬಿ ಎಲ್ಲ ಸಿಹಿನೀರಲ್ಲಿ ತೊಳೆಯೋದು ಮಗಳ ಪಾಲಿಗೆ. ಉಪ್ಪು ಕೂತರೆ ಜಿಪ್ ಕಚ್ಚಿಕೊಳ್ಳುತ್ತದೆ.

ಬೆಂಕಿ ಬಗ್ಗೆ ಮಾತ್ರ ನಾನು ಸ್ವಲ್ಪ ಜಾಸ್ತಿಯೇ ಕೊರೆದೆ. ಕಾಡಿನ ಪಕ್ಕ ಉಳಿದ ಕೆಂಡದ ಮೇಲೆ ಮಣ್ಣು ಎಳೆದು ಬರುವವರನ್ನು ನೋಡಿದ್ದೇನೆ. ಮರಳಲ್ಲಿ ಅದು ಇನ್ನೂ ಅಪಾಯ. ಮೇಲೆ ಮುಚ್ಚಿದ ಮರಳು ಶಾಖವನ್ನು ಹೊರಗೆ ಬಿಡುವುದಿಲ್ಲ, ಕೆಂಡ ಒಳಗೇ ಗಂಟೆಗಟ್ಟಲೆ ಕಾದಿರುತ್ತದೆ. ಮೇಲಿಂದ ನೋಡಿದರೆ ಸಾದಾ ಮರಳು. ಬೆಳಿಗ್ಗೆ ಬರಿಗಾಲಲ್ಲಿ ಓಡಿ ಬರುವುದು ಯಾರದೋ ಮನೆಯ ಮಗು. ಹಾಗಾಗಿ ಬೆಂಕಿ ಹಾಕಿದರೆ ಪಾರ್ಕಿನವರು ಕೊಟ್ಟ ಕಬ್ಬಿಣದ ಬಳೆಯೊಳಗೇ, ಮಲಗುವ ಮುಂಚೆ ನೀರು ಸುರಿದು, ಕೆದಕಿ, ಮತ್ತೆ ಸುರಿದು, ಹತ್ತಿರ ಕೈ ಹಿಡಿದು ಬಿಸಿ ಇಲ್ಲ ಅಂತ ಖಾತ್ರಿ ಮಾಡಿಕೊಂಡೇ ಏಳೋದು. ಮಳೆ ಬಂದರೂ, ಚಳಿ ಆದರೂ ಟೆಂಟಿನೊಳಗೆ ಒಲೆ ಹಚ್ಚುವ ಮಾತೇ ಇಲ್ಲ. ಅದರಿಂದ ಬರುವ ಕಾರ್ಬನ್ ಮಾನಾಕ್ಸೈಡಿಗೆ ವಾಸನೆಯೂ ಇಲ್ಲ, ಬಣ್ಣವೂ ಇಲ್ಲ.

ಎಲ್ಲ ಮುಗಿದು ಹಣ ಕಟ್ಟುವ ಹೊತ್ತಿಗೆ ಮಗಳು ಒಂದು ಪ್ರಶ್ನೆ ಎತ್ತಿದಳು. ಗಾಳಿ ವಿಪರೀತ ಆಯ್ತು, ಗುಡುಗು ಶುರುವಾಯ್ತು ಅಂದ್ರೆ 'ವಾಪಸ್ ಹೋಗೋಣ' ಅಂತ ಹೇಳೋದು ಯಾರು? ಇವರಿಗೆ ಬಿಟ್ಟರೆ ಹಗ್ಗ ಹಿಡಿದುಕೊಂಡು ಬೆಳಗಿನವರೆಗೂ ನಿಂತಾರು. ನನಗೆ ಬಿಟ್ಟರೆ ಮೊದಲ ಮೋಡಕ್ಕೇ ಗಂಟುಮೂಟೆ ಕಟ್ಟುತ್ತೇನೆ ಅಂತ ಇವರ ದೂರು. ಪೂರ್ತಿ ಸುಳ್ಳಲ್ಲ. ಅಲ್ಲಿ ಹೋದ ಮೇಲೆ, ಒದ್ದೆಯಾಗಿ, ಕತ್ತಲಲ್ಲಿ ಈ ಚರ್ಚೆ ಮಾಡುವುದಕ್ಕಿಂತ ಈಗಲೇ ಒಬ್ಬರನ್ನು ಗೊತ್ತು ಮಾಡೋದು ವಾಸಿ. ಎಲ್ಲರೂ ಅತ್ತೆಯ ಕಡೆ ನೋಡಿದೆವು. ಟೆಂಟ್ ಹಾಕಿದ ಹೆಮ್ಮೆ ಅವರಿಗಿಲ್ಲ, ಕಟ್ಟಿದ ದುಡ್ಡಿನ ಚಿಂತೆಯೂ ಅವರಿಗಿಲ್ಲ.

"ನಾನು ಏಳಿ ಅಂದ್ರೆ ಏಳ್ಬೇಕು. ಎದುರು ಮಾತಿಲ್ಲ" ಅಂದರು ಅತ್ತೆ, ಇವರನ್ನೇ ನೋಡುತ್ತಾ.

"ಆಯ್ತಮ್ಮ."

"ಅಜ್ಜಿ, ನೀನು ಏಳಿ ಅನ್ನದೇ ಇದ್ರೆ?" ಅಂತ ಮಗ.

ಅತ್ತೆ ಸ್ವಲ್ಪ ಯೋಚಿಸಿದರು. ಆಮೇಲೆ ನನ್ನ ಕಡೆ ತಿರುಗಿ, "ಎಷ್ಟು ರಾತ್ರಿಗೆ ಮಾಡ್ತಿದ್ದೀಯಾ ಬುಕಿಂಗ್?" ಅಂತ ಕೇಳಿದರು. ಎರಡು ಅಂದೆ. "ಮೂರು ಮಾಡು. ಅಷ್ಟು ದೂರ ನನ್ನ ಮಂಚ ಹೊತ್ಕೊಂಡು ಹೋಗಿ ಎರಡೇ ರಾತ್ರಿಗೆ ಬರೋದಾ?"

ಮೂರು ಮಾಡಿದೆ.