9 ಇಂಚಿನ ರಸಮಟ್ಟ

ಅಮ್ಮನ ಅಡುಗೆಮನೆಗೆ ಶೆಲ್ಫ್ ಹಾಕಬೇಕಿತ್ತು. ಹಳೇದನ್ನು ಕಣ್ಣಂದಾಜಿನಲ್ಲಿ ಹೊಡೆದಿದ್ದೆ, ಅದು ವಾಲಿಕೊಂಡು ಡಬ್ಬಗಳೆಲ್ಲ ಒಂದೇ ಕಡೆ ಜರುಗುತ್ತಿದ್ದವು. ಇವತ್ತು ಸಂತೆಪೇಟೆಗೆ ಹೋಗಿ ನಳಿಕೆಯೊಳಗಿನ ಗುಳ್ಳೆ ನೋಡಿ ಮಟ್ಟ ಹಿಡಿಯುವ ಪುಟ್ಟ ಸ್ಪಿರಿಟ್ ಲೆವೆಲ್ ತಂದೆ, ಗಾರೆ ಕೆಲಸದವರು ರಸಮಟ್ಟ ಅನ್ನುತ್ತಾರಲ್ಲ, ಅದೇ.

ದುಬಾರಿಯದ್ದೇ ಬೇಕು ಅಂತೇನಿಲ್ಲ. ಆದರೆ ಅಂಗಡಿಯಲ್ಲೇ ಪರೀಕ್ಷೆ ಮಾಡಿ ತಗೊಳ್ಳಿ. ಕೌಂಟರ್ ಮೇಲೆ ಇಟ್ಟು ಗುಳ್ಳೆ ಎಲ್ಲಿ ನಿಂತಿದೆ ನೋಡಿ, ಆಮೇಲೆ ಅದೇ ಜಾಗದಲ್ಲಿ ಎಡತುದಿ ಬಲಕ್ಕೆ ಬರುವ ಹಾಗೆ ತಿರುಗಿಸಿ ಇಡಿ, ಆಗಲೂ ಗುಳ್ಳೆ ಕೌಂಟರಿನ ಅದೇ ಕಡೆಗೆ ಅಷ್ಟೇ ಸರಿದಿದ್ದರೆ ಮಟ್ಟ ಸರಿಯಾಗಿದೆ, ಕೌಂಟರ್ ಓರೆಯಿದ್ದರೂ ಚಿಂತೆಯಿಲ್ಲ. ನಾನು ನೋಡಿದ ಮೂರರಲ್ಲಿ ಎರಡು ಇಲ್ಲೇ ಫೇಲ್. ಮೂರನೆಯದು ಅಲ್ಯೂಮಿನಿಯಂನದು, ತಳದಲ್ಲಿ ಆಯಸ್ಕಾಂತ ಇದೆ, 220 ರೂಪಾಯಿ. ಗ್ಯಾಸ್ ಸ್ಟೌ, ವಾಷಿಂಗ್ ಮಷೀನ್, ಫೋಟೋ ಫ್ರೇಮಿಗೆ ಇಷ್ಟು ಸಾಕು. ಗೋಡೆ ಕಟ್ಟುವುದಕ್ಕಾದರೆ ಉದ್ದದ್ದೇ ಬೇಕು.

ಹೊಸ ಶೆಲ್ಫ್ ಮೇಲೆ ಇಟ್ಟೆ. ಗುಳ್ಳೆ ನಿಧಾನಕ್ಕೆ ಜಾರಿ, ಎರಡು ಗೆರೆ ನಡುವೆ ಬಂದು ನಿಂತಿತು. ತಾತ ಇದೇ ಕೆಲಸಕ್ಕೆ ಪೈಪಿನಲ್ಲಿ ನೀರು ತುಂಬಿ ಎರಡೂ ತುದಿ ಹಿಡಿಸುತ್ತಿದ್ದರು, ಒಂದು ತುದಿ ಯಾವಾಗಲೂ ನನ್ನ ಕೈಯಲ್ಲೇ ಇರುತ್ತಿತ್ತು. ತುಂಬಾ ನೆನಪಾದರು. ಅಷ್ಟರಲ್ಲಿ ಅಮ್ಮ ಉಪ್ಪಿನಕಾಯಿ ಜಾಡಿ ತಂದು ಇಟ್ಟೇಬಿಟ್ಟರು.