ಆರೆಗನ್ನಿನ ಉಳ್ಳಾಗಡ್ಡಿ ಊರು, ಐಡಾಹೊ ಕಡೆ ಮುಖ

ಅಮೆರಿಕದ ಆರೆಗನ್ ರಾಜ್ಯದಲ್ಲಿ ನಾನಿರುವುದು ಪಶ್ಚಿಮಕ್ಕೆ, ಪೋರ್ಟ್‌ಲ್ಯಾಂಡ್ ಹತ್ತಿರ. ಇದೇ ರಾಜ್ಯದ ಪೂರ್ವ ಭಾಗದವರು ಪೋರ್ಟ್‌ಲ್ಯಾಂಡ್‌ನವರ ಸಹವಾಸವೇ ಬೇಡ, ನಮ್ಮನ್ನು ಪಕ್ಕದ ಐಡಾಹೊ ರಾಜ್ಯಕ್ಕೆ ಸೇರಿಸಿ ಅಂತಿದ್ದಾರೆ. ಈ ಬೇಡಿಕೆಗೆ 'ಗ್ರೇಟರ್ ಐಡಾಹೊ' ಅಂತ ಹೆಸರು. ಇದು ಬರೀ ಮಾತಲ್ಲ. 2020ರಿಂದ ಒಂದೊಂದೇ ಕೌಂಟಿಯಲ್ಲಿ ಮತಕ್ಕೆ ಹಾಕುತ್ತಾ ಬಂದರು, 2024ರ ಮೇ ಹೊತ್ತಿಗೆ 13 ಕೌಂಟಿಗಳಲ್ಲಿ ಗೆದ್ದರು. ಕೌಂಟಿ ಅಂದರೆ ಹೆಚ್ಚುಕಡಿಮೆ ನಮ್ಮ ಜಿಲ್ಲೆ ಇದ್ದ ಹಾಗೆ. ವಲ್ಲೋವಾ ಕೌಂಟಿಯಲ್ಲಿ 2023ರಲ್ಲಿ ಗೆದ್ದದ್ದು ಬರೀ 7 ಓಟಿನಿಂದ.

ವಿಜಯಪುರ ಜಿಲ್ಲೆಯ ಕೊಲ್ಹಾರದ ಕಡೆಯವನಾದ ನನಗೆ ಈ ಸುದ್ದಿಯನ್ನು ಓದಿ ಸುಮ್ಮನಿರಲು ಆಗಲಿಲ್ಲ. ಉತ್ತರ ಕರ್ನಾಟಕ ಪ್ರತ್ಯೇಕ ರಾಜ್ಯ ಆಗಬೇಕು ಅನ್ನುವ ಮಾತು ಕೇಳುತ್ತಲೇ ಬೆಳೆದವರು ನಾವು. ಹೋಗಿ ನೋಡೋಣ ಅಂತ ಆರೆಗನ್‌ನ ಪೂರ್ವ ಗಡಿಯ ಆಂಟಾರಿಯೊ ಎಂಬ ಊರಿಗೆ ಹೊರಟೆ.

ಪೋರ್ಟ್‌ಲ್ಯಾಂಡ್‌ನಿಂದ ಅಲ್ಲಿಗೆ ಸುಮಾರು 600 ಕಿಲೋಮೀಟರ್. ಕ್ಯಾಸ್ಕೇಡ್ ಬೆಟ್ಟಸಾಲು ದಾಟಿದ ಮೇಲೆ ದೇಶವೇ ಬೇರೆ ಅನಿಸುತ್ತದೆ. ಪಶ್ಚಿಮಕ್ಕೆ ಮಳೆ, ಹಸಿರು ಕಾಡು, ದೊಡ್ಡ ಕಂಪನಿಗಳು, ರಾಜಧಾನಿ ಸೇಲಂ, ರಾಜ್ಯದ ಬಹುಪಾಲು ಜನ. ಪೂರ್ವಕ್ಕೆ ಒಣ ನೆಲ, ಗೋಧಿ, ದನ, ದೂರ ದೂರದ ಊರುಗಳು. ಆಂಟಾರಿಯೊ ಮುಟ್ಟುವ ಹೊತ್ತಿಗೆ ಗಡಿಯಾರವೂ ಬದಲಾಯಿತು. ಆ ಕೌಂಟಿಯ ಬಹುಭಾಗದಲ್ಲಿ ಐಡಾಹೊದ ರಾಜಧಾನಿ ಬಾಯ್ಸಿಯ ಸಮಯವೇ ನಡೆಯುತ್ತದೆ, ಪೋರ್ಟ್‌ಲ್ಯಾಂಡ್‌ಗಿಂತ ಒಂದು ತಾಸು ಮುಂದೆ. ಬಾಯ್ಸಿಗೆ ಕಾರಲ್ಲಿ ಒಂದು ತಾಸಿನ ದಾರಿ. ಸ್ನೇಕ್ ನದಿಯ ಸೇತುವೆ ದಾಟಿದರೆ ಐಡಾಹೊ. ದವಾಖಾನೆ, ಸಂತೆ, ಬೀಗತನ ಎಲ್ಲಾ ಆ ಕಡೆಗೇ.

ಆ ಭಾಗದ ದೊಡ್ಡ ಬೆಳೆ ಉಳ್ಳಾಗಡ್ಡಿ. ಹಳದಿ ಸಿಪ್ಪೆ, ಒಂದೊಂದು ಗಡ್ಡಿ ನನ್ನ ಮುಷ್ಟಿಗಿಂತ ದೊಡ್ಡದು. ಊರ ಹೊರಗೆ ಸಾಲಾಗಿ ಉದ್ದುದ್ದ ಶೆಡ್‌ಗಳು. ಒಳಗೆ ಆಳೆತ್ತರಕ್ಕೂ ಮೀರಿ ರಾಶಿ, ಕೆಳಗಿನಿಂದ ಫ್ಯಾನಿನ ಗಾಳಿ. ದರ ಬರುವ ತನಕ ತಿಂಗಳುಗಟ್ಟಲೆ ಹಾಗೇ ಇಡುತ್ತಾರೆ. ಬಾಗೇವಾಡಿ, ಕೊಲ್ಹಾರ ಕಡೆ ದರ ಬಿದ್ದಾಗ ರೈತರು ಉಳ್ಳಾಗಡ್ಡಿ ರಸ್ತೆಗೆ ಸುರಿಯುವುದನ್ನು ಕಂಡವನಿಗೆ ಆ ಶೆಡ್ಡಿನ ಬಾಗಿಲಲ್ಲಿ ನಿಂತು ಹೊಟ್ಟೆ ಉರಿಯಿತು. ನಮಗೂ ಇಂಥವು ಊರಿಗೆ ನಾಲ್ಕು ಇದ್ದಿದ್ದರೆ!

ಶೆಡ್ಡಿನ ಮಾಲೀಕ ನೇರವಾಗಿ ಹೇಳಿದ. ಬಂದೂಕಿನ ಕಾನೂನು, ಕಾಡು ಕಡಿಯುವ ನಿಯಮ, ಎಲ್ಲವನ್ನೂ ನಗರದವರ ಓಟೇ ತೀರ್ಮಾನಿಸುತ್ತದೆ, ನಮ್ಮ ಓಟಿಗೆ ಬೆಲೆ ಇಲ್ಲ ಅಂದ. ಅವರ ಸಿಟ್ಟು ಶಾಸನಸಭೆಯಲ್ಲೂ ಕಂಡಿದೆ. ಅಲ್ಲಿ ಸದನ ನಡೆಯಲು ಮೂರರಲ್ಲಿ ಎರಡು ಪಾಲು ಸದಸ್ಯರು ಇರಲೇಬೇಕು. 2023ರಲ್ಲಿ, ಈ ಕಡೆಯವರು ಹೆಚ್ಚಾಗಿ ಓಟು ಹಾಕುವ ರಿಪಬ್ಲಿಕನ್ ಪಕ್ಷದ ಸೆನೆಟರ್‌ಗಳು ಆರು ವಾರ ಹೊರಗೇ ಉಳಿದು ಕೆಲಸ ನಿಲ್ಲಿಸಿದ್ದರು.

ಆದರೆ ಅದೇ ಊರಿನ ಅಂಗಡಿಯಲ್ಲಿ ಬಿಲ್ ಮಾಡುವ ಹೆಂಗಸು ಐಡಾಹೊ ಬೇಡವೇ ಬೇಡ ಅಂದಳು. ಅಲ್ಲಿ ಕನಿಷ್ಠ ಕೂಲಿ ತಾಸಿಗೆ 7.25 ಡಾಲರ್, ಇಲ್ಲಿ ಅದಕ್ಕಿಂತ ಎಷ್ಟೋ ಜಾಸ್ತಿ. ಅಲ್ಲಿ ಕೊಳ್ಳುವ ಸಾಮಾನಿಗೆ 6% ತೆರಿಗೆ, ಆರೆಗನ್‌ನಲ್ಲಿ ಆ ತೆರಿಗೆಯೇ ಇಲ್ಲ. ಗಾಂಜಾ ಮಾರಾಟ ಆರೆಗನ್‌ನಲ್ಲಿ ಕಾನೂನುಬದ್ಧ, ಐಡಾಹೊದಲ್ಲಿ ಅಪರಾಧ. ಹಾಗಾಗಿ ಆಂಟಾರಿಯೊದ ಗಾಂಜಾ ಅಂಗಡಿಗಳ ಮುಂದೆ ಐಡಾಹೊ ನಂಬರಿನ ಗಾಡಿಗಳೇ ಸಾಲು. ಗಡಿ ಸರಿದರೆ ಆ ವ್ಯಾಪಾರವೂ ಹೋಯಿತು. ರೈತನ ಲೆಕ್ಕ ಬೇರೆ, ಕೂಲಿಯವಳ ಲೆಕ್ಕ ಬೇರೆ.

ಇದನ್ನೆಲ್ಲ ಊರಲ್ಲಿರುವ ನಮ್ಮ ಕಾಕಾನಿಗೆ ಫೋನಿನಲ್ಲಿ ಹೇಳಿದೆ. "ಅಲ್ಲೋ ತಮ್ಮಾ, ಅಮೇರಿಕಾದಾಗೂ ಹಿಂಗ ಐತೇನು? ಮತ್ತ ನಾವು ಕೇಳೂದ್ರಾಗ ಏನ್ ತಪ್ಪ ಐತಿ?" ಅಂದರು. ಕೇಳುವುದು ತಪ್ಪಲ್ಲ. ಕಾಕಾನ ಮನೆ ಹಳೇ ಕೊಲ್ಹಾರದಲ್ಲಿತ್ತು, ಆಲಮಟ್ಟಿ ಹಿನ್ನೀರಿಗೆ ಹೋಯಿತು. ಆಣೆಕಟ್ಟಿನ ನೀರಿನ ಮಟ್ಟ 519.6 ಮೀಟರಿನಿಂದ 524.256 ಮೀಟರಿಗೆ ಏರಿಸಬಹುದು ಅಂತ ಕೃಷ್ಣಾ ನ್ಯಾಯಮಂಡಳಿ 2010ರಲ್ಲೇ ಹೇಳಿದೆ. ಇನ್ನೂ ಏರಿಲ್ಲ. ಮುಳುಗುವ ಊರಿನವರು ಹೊಸ ಮನೆ ಕಟ್ಟಿಸಲೋ ಬೇಡವೋ ಅನ್ನುತ್ತಾ ವರ್ಷ ಕಳೆಯುತ್ತಿದ್ದಾರೆ. ಇಂಥ ಸಂಕಟ ಇಟ್ಟುಕೊಂಡವರಿಗೆ ಸಿಟ್ಟು ಮಾಡಬೇಡಿ ಅಂತ ಹೇಳುವ ಬಾಯಿ ನನಗಿಲ್ಲ.

ಆದರೂ ಪ್ರತ್ಯೇಕ ರಾಜ್ಯ ನನಗೆ ಬೇಡ. ಯಾಕೆ ಅಂತ ಕಾಕಾನಿಗೆ ಹೇಳಿದ್ದನ್ನೇ ಇಲ್ಲೂ ಹೇಳುತ್ತೇನೆ.

ಅಮೆರಿಕದಲ್ಲಿ ಇಂಥ ಕೂಗಿನಿಂದ ನಕ್ಷೆ ಸುಲಭಕ್ಕೆ ಬದಲಾಗುವುದಿಲ್ಲ. ಎರಡೂ ರಾಜ್ಯಗಳ ಶಾಸನಸಭೆ ಒಪ್ಪಬೇಕು, ಮೇಲೆ ಅವರ ಸಂಸತ್ತೂ ಒಪ್ಪಬೇಕು. 1941ರಲ್ಲಿ ದಕ್ಷಿಣ ಆರೆಗನ್, ಉತ್ತರ ಕ್ಯಾಲಿಫೋರ್ನಿಯಾದವರು ಸೇರಿ 'ಜೆಫರ್ಸನ್' ಅಂತ ರಾಜ್ಯ ಮಾಡಲು ಹೊರಟಿದ್ದರು. ಡಿಸೆಂಬರಿನಲ್ಲಿ ಪರ್ಲ್ ಹಾರ್ಬರ್ ದಾಳಿ ಆಯಿತು, ಕೂಗು ಅಲ್ಲಿಗೇ ನಿಂತಿತು. ಒಂದು ರಾಜ್ಯ ಒಡೆದು ಇನ್ನೊಂದು ಆದದ್ದು ಕೊನೆಯ ಸಲ 1863ರಲ್ಲಿ, ವೆಸ್ಟ್ ವರ್ಜೀನಿಯಾ. ಅದೂ ಅಂತರ್ಯುದ್ಧದ ನಡುವೆ.

ನಮ್ಮಲ್ಲಿ ಹಾಗಲ್ಲ. ಸಂವಿಧಾನದ 3ನೇ ವಿಧಿ ಪ್ರಕಾರ ರಾಜ್ಯದ ಅಭಿಪ್ರಾಯ ಕೇಳಿದರೆ ಸಾಕು, ಒಪ್ಪಿಗೆ ಬೇಕಿಲ್ಲ. ಆಂಧ್ರದ ವಿಧಾನಸಭೆ 2014ರ ಜನವರಿಯಲ್ಲಿ ಬೇಡ ಅಂದರೂ ಅದೇ ವರ್ಷ ಜೂನ್ 2ಕ್ಕೆ ತೆಲಂಗಾಣ ಆಯಿತು. ಹಾಗಾಗಿ ನಮ್ಮಲ್ಲಿ ಈ ಮಾತು ಆಡುವವರು ಬಹಳ ಜೋಕೆಯಿಂದ ಆಡಬೇಕು. ಬೆಳಗಾವಿಯೂ ಸೇರಿ 865 ಊರು ತನ್ನವು ಅಂತ ಮಹಾರಾಷ್ಟ್ರ 2004ರಿಂದ ಸುಪ್ರೀಂ ಕೋರ್ಟಿನಲ್ಲಿದೆ. ನಾವು ಒಳಗೊಳಗೇ ಒಡೆದರೆ ಆ ದಾವೆಯಲ್ಲಿ ಬೆಳಗಾವಿ ಪರವಾಗಿ ಗಟ್ಟಿಯಾಗಿ ನಿಲ್ಲುವವರು ಯಾರು?

ಇನ್ನೊಂದು ಮಾತು. ಗೆರೆ ಎಲ್ಲಿ ಎಳೆದರೂ ಯಾರೋ ಒಬ್ಬರು ಆಚೆ ಉಳಿಯುತ್ತಾರೆ. ಕಲ್ಯಾಣ ಕರ್ನಾಟಕದವರಿಗೆ ನೌಕರಿ, ಓದಿನಲ್ಲಿ ಮೀಸಲಾತಿ ಕೊಡುವ ಸಂವಿಧಾನದ 371ಜೆ ವಿಧಿ ಬಂದದ್ದು ಒಳ್ಳೆಯದೇ. ಆದರೆ ಅಫಜಲಪುರದ ಹುಡುಗನಿಗೆ ಸಿಗುವ ಮೀಸಲಾತಿ ಪಕ್ಕದ ಸಿಂದಗಿ ಹುಡುಗನಿಗಿಲ್ಲ. ಇಬ್ಬರ ಹೊಲಕ್ಕೂ ಬೀಳುವುದು ಒಂದೇ ಮಳೆ. ಪ್ರಾದೇಶಿಕ ಅಸಮತೋಲನ ನೋಡಲು ಸರ್ಕಾರ ಮಾಡಿದ್ದ ನಂಜುಂಡಪ್ಪ ಸಮಿತಿ 2002ರಲ್ಲಿ 175 ತಾಲ್ಲೂಕು ಅಳೆದು 114 ಹಿಂದುಳಿದಿವೆ ಅಂದಿತು. ಅತಿ ಹಿಂದುಳಿದ 39ರಲ್ಲಿ 26 ಉತ್ತರದವು, 13 ದಕ್ಷಿಣದವು. ನಮ್ಮ ಪಾಲಿನ ಅನ್ಯಾಯ ದೊಡ್ಡದು, ನಿಜ. ಆ 13 ತಾಲ್ಲೂಕಿನವರೂ ನಮ್ಮ ಜೊತೆ ನಿಲ್ಲಬೇಕಾದವರೇ.

ಪೂರ್ವ ಆರೆಗನ್‌ನವರಿಂದ ನಾವು ಕಲಿಯುವುದು ಒಂದಿದೆ. ಅಲ್ಲಿ ಜನರನ್ನು ಮತಚೀಟಿಯಲ್ಲೇ ಕೇಳಿದರು. ಹಲವು ಕೌಂಟಿಗಳಲ್ಲಿ ಗೆದ್ದ ಪ್ರಸ್ತಾಪ ಹೇಳಿದ್ದು ಇಷ್ಟೇ: ಕೌಂಟಿಯ ಆಯುಕ್ತರು ವರ್ಷಕ್ಕೆ ಇಂತಿಷ್ಟು ಸಲ ಸಭೆ ಕರೆದು ಈ ವಿಷಯ ಚರ್ಚಿಸಲೇಬೇಕು. ನಮ್ಮಲ್ಲಿ ಪ್ರತ್ಯೇಕ ರಾಜ್ಯ ಬೇಕೋ ಬೇಡವೋ ಅಂತ ಕೊಲ್ಹಾರದ ರೈತನನ್ನೋ ಇಳಕಲ್ ನೇಕಾರನನ್ನೋ ಯಾರೂ ಹೀಗೆ ಕೇಳಿಲ್ಲ. ಹುಕ್ಕೇರಿಯ ಶಾಸಕರಾಗಿದ್ದ ದಿವಂಗತ ಉಮೇಶ ಕತ್ತಿ ಪ್ರತ್ಯೇಕ ರಾಜ್ಯ ಬೇಕು ಅಂತ ವರ್ಷಗಟ್ಟಲೆ ಹೇಳಿದರು, 2018ರ ಆಗಸ್ಟ್ 2ಕ್ಕೆ ಬಂದ್ ಕರೆಯೂ ಬಂತು, ಆಮೇಲೆ ಎಲ್ಲಾ ತಣ್ಣಗಾಯಿತು.

2012ರಲ್ಲಿ ಉದ್ಘಾಟನೆಯಾದ ಸುವರ್ಣ ವಿಧಾನಸೌಧ ಬೆಳಗಾವಿಯಲ್ಲೇ ಇದೆ. ಅಧಿವೇಶನದ ಹೊತ್ತಲ್ಲಿ ಕೊಂಡಸಕೊಪ್ಪದ ಟೆಂಟುಗಳಲ್ಲಿ ರೈತರು, ಅಂಗನವಾಡಿಯವರು ಚಳಿಯಲ್ಲಿ ಕೂತಿರುತ್ತಾರೆ. ಯಾವ ತಾಲ್ಲೂಕು ಎಷ್ಟು ಹಿಂದುಳಿದಿದೆ ಅಂತ ಹೊಸದಾಗಿ ಅಳೆಯಲು 2024ರಲ್ಲಿ ಗೋವಿಂದ ರಾವ್ ಸಮಿತಿಯೂ ಆಯಿತು. ಪ್ರತಿ ವರ್ಷ ಅಧಿವೇಶನದ ಮೊದಲ ದಿನವೇ ತಾಲ್ಲೂಕುವಾರು ಲೆಕ್ಕ ಸದನದ ಮುಂದೆ ಬರಬೇಕು. ಎಷ್ಟು ಹಣ ಇಟ್ಟಿರಿ, ಎಷ್ಟು ಖರ್ಚಾಯಿತು, ಯಾವ ತಾಲ್ಲೂಕು ಹಿಂದುಳಿದವುಗಳ ಪಟ್ಟಿಯಿಂದ ಹೊರಗೆ ಬಂತು ಅಂತ ನಮ್ಮ ಶಾಸಕರು ಎದ್ದು ಕೇಳಬೇಕು. ಮುಂದಿನ ಸಲ ಓಟು ಕೇಳಲು ಬಂದವರಿಗೆ ಕಾಕಾ ಈ ಮಾತು ಹೇಳುತ್ತಾರಂತೆ. ನಿಮ್ಮ ಊರಲ್ಲಿ ನೀವೂ ಹೇಳಿ.